ಸಾಲವಿದ್ದ ಮನೆ ಮಾರಿದ ಕಥೆ

ಮೈಸೂರಿನ ಮನೆ ಮಾರಲು ಹೊರಟಾಗ ಬ್ಯಾಂಕಿಗೆ ಇನ್ನೂ ಹನ್ನೊಂದು ಲಕ್ಷ ಕಟ್ಟುವುದಿತ್ತು. ಕೊಳ್ಳುವವರು ಸಿಕ್ಕಿದ್ದರು, ಆದರೆ ಅವರ ವಕೀಲರು ಇಸಿ (ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ) ನೋಡಿದ್ದೇ ತಡ, "ಅಡಮಾನ ಇರುವ ಆಸ್ತಿ, ಮೂಲ ಪತ್ರ ತೋರಿಸಿ" ಎಂದರು. ಪತ್ರ ಬ್ಯಾಂಕಿನಲ್ಲಿ, ಸಾಲ ತೀರದೆ ಅದು ಬರದು, ಮನೆ ಮಾರದೆ ಸಾಲ ತೀರದು!

ಪರಿಹಾರ ಸರಳವೇ. ಬ್ಯಾಂಕಿನಿಂದ ಇಂಥ ದಿನಾಂಕಕ್ಕೆ ಇಷ್ಟು ಬಾಕಿ ಎಂಬ ಫೋರ್‌ಕ್ಲೋಷರ್ ಪತ್ರ ತಂದೆ. ಕೊಳ್ಳುವವರು ಮುಂಗಡವನ್ನು ನನ್ನ ಕೈಗೆ ಕೊಡದೆ ನೇರವಾಗಿ ಸಾಲದ ಖಾತೆಗೆ ಡಿಡಿ ಮಾಡಿಸಿದರು. ಇದನ್ನು ಕರಾರು ಪತ್ರದಲ್ಲೇ ಬರೆಸಿದ್ದರಿಂದ ಇಬ್ಬರಿಗೂ ನಿದ್ದೆ ಬಂತು.

ನಾನು ಎಡವಿದ್ದು ಆಮೇಲೆ. ಸಾಲ ತೀರಿದೆ ಎಂದು ಬ್ಯಾಂಕು ಕೊಡುವ ನಿರಾಕ್ಷೇಪಣಾ ಪತ್ರ ಕೈಗೆ ಬಂದರೆ ಮುಗಿಯಿತೆಂದುಕೊಂಡಿದ್ದೆ. ಇಸಿಯಲ್ಲಿ ಅಡಮಾನ ಹಾಗೇ ಇತ್ತು. ಅಡಮಾನ ನೋಂದಣಿಯಾಗಿದ್ದರೆ ಋಣಮುಕ್ತಿ ಪತ್ರವನ್ನೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಬ್ಯಾಂಕಿನ ಅಧಿಕಾರಿ ಬಂದು ಸಹಿ ಹಾಕಲು ಎರಡು ವಾರ ಅಲೆದೆ. ಹೊಸ ಇಸಿ ತೆಗೆದ ಮೇಲೆಯೇ ಕ್ರಯಪತ್ರ.

ಮೂಲ ಪತ್ರ ತಡವಾದರೆ ಸುಮ್ಮನಿರಬೇಡಿ. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ, ಪೂರ್ತಿ ಸಾಲ ತೀರಿದ 30 ದಿನದೊಳಗೆ ಕೊಡಬೇಕು. ತಪ್ಪು ಬ್ಯಾಂಕಿನದಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಈ ಮಾತು ಎತ್ತಿದ ಮೂರನೇ ದಿನ ನನ್ನ ಕಡತ ಸಿಕ್ಕಿತು.