ಹತ್ತು ವರ್ಷ, ಮತ್ತೆ ಒಂದು ಬುಧವಾರ

2014ರ ಬಿಸು ದಿನ, ಅಂದ್ರೆ ತುಳುನಾಡಿನ ಹೊಸ ವರ್ಷದ ದಿನ, ನಾನು ಈ ದೇವಸ್ಥಾನದ ಬೀಗದಕೈ ತಗೊಂಡದ್ದು. ಉಡುಪಿ ಹತ್ರದ ಕಟಪಾಡಿಯಿಂದ ಸ್ವಲ್ಪ ಒಳಗೆ, ದುರ್ಗಾಪರಮೇಶ್ವರಿ ಅಮ್ಮನವರು, ದೊಡ್ಡ ದೇವಸ್ಥಾನ ಏನಲ್ಲ, ಮಂಗಳವಾರ ಶುಕ್ರವಾರ ಜನ ಬರ್ತಾರೆ, ಉಳಿದ ದಿನ ನಾನು ಮತ್ತು ಗುಡಿಸಿ ಸಾರಿಸ್ಲಿಕ್ಕೆ ಬರುವ ಅಕ್ಕ. ಸಂಬಳ ಎಷ್ಟು, ತಟ್ಟೆಕಾಸು ಯಾರಿಗೆ, ಮನೆ ಕೊಡ್ತೀರಾ ಅಂತೆಲ್ಲ ಮೊದಲೇ ಮಾತಾಡಿದ್ದೆ. ರಜೆ ಹೇಗೆ ಅಂತ ಕೇಳ್ಲಿಕ್ಕೆ ಮಾತ್ರ ಹೊಳೀಲೇ ಇಲ್ಲ ನೋಡಿ.

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಬಾವಿ ನೀರು ತಲೆಗೆ ಹೊಯ್ಕೊಂಡು ಬಾಗಿಲು ತೆಗೆಯುದು, ನಿರ್ಮಾಲ್ಯ, ಅಭಿಷೇಕ, ಅಲಂಕಾರ, ನೈವೇದ್ಯಕ್ಕೆ ಅಕ್ಕಿ ಹಾಕುದು, ಮಧ್ಯಾಹ್ನ ಮಹಾಪೂಜೆ, ಉಂಡು ಸ್ವಲ್ಪ ಅಡ್ಡ ಬಿದ್ರೆ ಆಯ್ತು, ಪುನಃ ಐದೂವರೆಗೆ ಮಿಂದು ದೀಪ ಹಚ್ಚುದು, ರಾತ್ರಿಪೂಜೆ ಮುಗಿಸಿ ಬೀಗ ಹಾಕುವಾಗ ಎಂಟೂವರೆ. ಕೆಲಸ ನನಗೆ ಇಷ್ಟವೇ. ಲಾಕ್‌ಡೌನಲ್ಲಿ ಒಬ್ಬನೂ ಬರ್ಲಿಲ್ಲ, ತಟ್ಟೆ ಖಾಲಿ, ಆದ್ರೂ ಆ ದಿನಗಳಲ್ಲಿ ಮಾಡಿದಷ್ಟು ನಿಧಾನವಾಗಿ ಪೂಜೆ ನಾನು ಮತ್ತೆ ಮಾಡ್ಲಿಲ್ಲ. ಆದ್ರೆ ನಾಳೆಯೂ ಉಂಟು, ನಾಡಿದ್ದೂ ಉಂಟು, ಜ್ವರ ಬಂದ್ರೂ ಉಂಟು.

ತಂಗಿ ಮದುವೆ ಶೃಂಗೇರಿ ಹತ್ರ. ಬದಲಿಗೆ ಜನ ಸಿಗ್ಲಿಲ್ಲ. ಬೆಳಿಗ್ಗಿನದ್ದು ಬೇಗ ಮುಗಿಸಿ ಬೈಕಲ್ಲಿ ಘಾಟಿ ಹತ್ತಿ ಹೋಗುವಾಗ ಧಾರೆ ಆಗಿ ಎರಡನೇ ಪಂಕ್ತಿ ಕೂತಿತ್ತು, ಹೋಳಿಗೆ ತಿಂದು ತಂಗಿಯ ತಲೆ ಮೇಲೆ ಅಕ್ಷತೆ ಹಾಕಿ ದೀಪದ ಹೊತ್ತಿಗೆ ವಾಪಸ್. ಅಪ್ಪ ತೀರಿಕೊಂಡಾಗ ಮಾತ್ರ ಸಾಲಾಗಿ ಹತ್ತು ದಿನ ಬಿಡುವು, ಸೂತಕದವ ಗರ್ಭಗುಡಿ ಹೊಕ್ಕುವ ಹಾಗಿಲ್ಲವಲ್ಲ. ಆಗ ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರರು ಒಂದೇ ಗಂಟೆಯಲ್ಲಿ ಬದಲಿ ಭಟ್ರನ್ನು ಹುಡುಕಿ ತಂದ್ರು! ಅದು ನನ್ನ ತಲೇಲಿ ಕೂತುಬಿಡ್ತು ಮಾರಾಯ್ರೆ. ಸೂತಕಕ್ಕೆ ಜನ ಸಿಗ್ತದೆ, ಮದುವೆಗೆ ಸಿಗುದಿಲ್ಲ.

2024ರ ಜನವರಿ, ಪುತ್ತಿಗೆ ಮಠದ ಪರ್ಯಾಯ, ಅಂದ್ರೆ ಉಡುಪಿ ಕೃಷ್ಣನ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ದಿನ. ರಾತ್ರಿ ಉಡುಪಿಗೆ ಹೋಗಿ ಜೋಡುಕಟ್ಟೆ ಹತ್ರ ಮೆರವಣಿಗೆ ನೋಡಿದೆ, ಆಮೇಲೆ ಗಂಟೆ ನೋಡಿ ಬೈಕ್ ತಿರುಗಿಸಿದೆ. ಅಲ್ಲಿ ಅಕ್ಷಯ ಪಾತ್ರೆ, ಸಟ್ಟುಗ, ಗರ್ಭಗುಡಿ ಕೀಲಿಕೈ ಒಬ್ಬ ಸ್ವಾಮಿಗಳು ಇನ್ನೊಬ್ಬರಿಗೆ ಕೊಡುವಾಗ ನಾನು ನಮ್ಮ ಬಾವಿಕಟ್ಟೆಯಲ್ಲಿ ಮೀಯ್ತಾ ಇದ್ದೆ. ತಲೆಗೆ ನೀರು ಬಿದ್ದಾಗಲೇ ಹೊಳೆದದ್ದು ಅಂತ ಹೇಳಿದ್ರೆ ನಗ್ತೀರಿ. ಮಧ್ವಾಚಾರ್ಯರು ಎಂಟು ಮಠಕ್ಕೆ ಎರಡೆರಡು ತಿಂಗಳ ಸರದಿ ಮಾಡಿದ್ರು, ವಾದಿರಾಜರು ಅದನ್ನು ಎರಡೆರಡು ವರ್ಷ ಮಾಡಿದ್ರು, ಕೃಷ್ಣ ದೇವರಿಗೇ ಸರದಿ ಮೇಲೆ ಪೂಜೆ ಆಗ್ತದೆ, ಮತ್ತೆ ನಮ್ಮ ಅಮ್ಮನವರಿಗೆ ಒಂದು ಬುಧವಾರ ಆಗ್ಲಿಕ್ಕಿಲ್ಲವಾ?

ಸುತ್ತಮುತ್ತ ನನ್ನ ಹಾಗೇ ಒಬ್ಬಂಟಿ ಅರ್ಚಕರು ಇನ್ನೂ ಮೂರು ಜನ. ಫೋನ್ ಮಾಡಿದೆ. ಒಬ್ಬರು ಗಣಪತಿ, ಒಬ್ಬರು ಮಹಾಲಿಂಗೇಶ್ವರ, ಒಬ್ಬರು ಸುಬ್ರಹ್ಮಣ್ಯ. ವೇದ ಪಾಠಶಾಲೆ ಮುಗಿಸಿ ಮದುವೆ ಮನೆಗಳಲ್ಲಿ ಬಡಿಸ್ಲಿಕ್ಕೆ ಹೋಗ್ತಿದ್ದ ಹುಡುಗ ಒಬ್ಬ ಇದ್ದ, ಅವನಿಗೆ ವಾರಕ್ಕೆ ನಾಲ್ಕು ದಿನ ಕೆಲಸ, ನಮಗೆ ತಲಾ ಒಂದು ದಿನ ಬಿಡುವು. ಶಿವನಿಗೆ ಸೋಮವಾರ ಬೇಡ, ನಮಗೆ ಮಂಗಳವಾರ ಶುಕ್ರವಾರ ಬೇಡ, ಚೌತಿ, ಷಷ್ಠಿ, ಸಂಕ್ರಮಣ ಬಂದ್ರೆ ಆ ವಾರ ಬದಲಾಯಿಸುದು. ಅವನ ದಿನದ ಸಂಬಳ ಅರ್ಧ ದೇವಸ್ಥಾನದ್ದು, ಅರ್ಧ ನನ್ನ ಕಿಸೆಯಿಂದ. ಇದು ನನಗೆ ಈಗಲೂ ಪೂರ್ತಿ ಒಪ್ಪಿಗೆ ಇಲ್ಲ, ಆದ್ರೆ ಎಲ್ಲಿಂದಾದ್ರೂ ಶುರು ಆಗ್ಬೇಕಲ್ಲ.

ಮೊಕ್ತೇಸರರು "ದೇವರಿಗೆ ರಜೆ ಉಂಟಾ ಭಟ್ರೇ?" ಅಂದ್ರು. "ದೇವರಿಗೆ ಬೇಡ ಶೆಟ್ರೇ, ನನಗೆ ಸಾಕು" ಅಂದೆ. ಅವರು ತಂತ್ರಿಗಳನ್ನು, ಅಂದ್ರೆ ಪೂಜಾವಿಧಿಯಲ್ಲಿ ಕೊನೆಯ ಮಾತು ಹೇಳುವ ಹಿರಿಯರನ್ನು, ಕೇಳಿ ಅಂದ್ರು. ನಾನು ಹೆದರಿಕೊಂಡೇ ಹೋಗಿದ್ದೆ. ತಂತ್ರಿಗಳು ಹುಡುಗನನ್ನು ಕೂರಿಸಿ ಅರ್ಧ ಗಂಟೆ ಮಂತ್ರ ಹೇಳಿಸಿದ್ರು, ಎರಡು ಕಡೆ ಸ್ವರ ತಿದ್ದಿದ್ರು, "ಅಡ್ಡಿಲ್ಲ, ಪದ್ಧತಿ ನೀವು ಕಲಿಸಿ" ಅಂದ್ರು, ಮುಗೀತು.

ಕಲಿಸುದೇ ದೊಡ್ಡ ಕೆಲಸ. ಮಂತ್ರ ಅವನಿಗೆ ನನಗಿಂತ ಚಂದ ಬರ್ತದೆ, ಆದ್ರೆ ಪುಸ್ತಕದಲ್ಲಿ ಇಲ್ಲದ್ದು ಎಷ್ಟು ಉಂಟು ಅಂತ ನನಗೇ ಗೊತ್ತಿರ್ಲಿಲ್ಲ. ಒಂದು ನೋಟ್‌ಬುಕ್ ಮಾಡಿದೆ. ನೈವೇದ್ಯಕ್ಕೆ ಎರಡು ಕುಡ್ತೆ ಅಕ್ಕಿ, ಚಿಕ್ಕ ಉರುಳಿ ಬೇಡ, ಅಡಿ ಹಿಡೀತದೆ. ನಂದಾದೀಪದ ಎಣ್ಣೆ ರಾತ್ರಿ ಬಾಗಿಲು ಹಾಕುವ ಮೊದಲು ತುಂಬಿಸ್ಬೇಕು. ಅಮ್ಮನವರ ಎಡಗೈ ಹತ್ರ ಪ್ರಭಾವಳಿ ಸ್ವಲ್ಪ ಅಲುಗಾಡ್ತದೆ, ಹೂ ಸಿಕ್ಕಿಸುವಾಗ ಜಾಗ್ರತೆ. ಗರ್ಭಗುಡಿ ಬೀಗ ಉಪ್ಪುಗಾಳಿಗೆ ಹಿಡ್ಕೊಂಡಿದೆ, ಎಣ್ಣೆ ಬಿಟ್ರೂ ಸುಮ್ಮನೆ ತಿರುಗುದಿಲ್ಲ, ಬೀಗದಕೈಯನ್ನು ಚೂರು ಮೇಲೆ ಎತ್ತಿ ಎಡಕ್ಕೆ. ಬರೆದು ಬರೆದು ಇಪ್ಪತ್ತೊಂದು ಪುಟ ಆಯ್ತು.

ಬಿಸು ಕಳೆದು ಎರಡನೇ ಬುಧವಾರ ಅವನ ಕೈಗೆ ಬೀಗದಕೈ ಕೊಟ್ಟೆ. ನಾಲ್ಕೂವರೆಗೆ ನಿದ್ದೆ ಬಿಟ್ಟೇ ಬಿಟ್ಟಿತು, ಆರು ಗಂಟೆವರೆಗೆ ಜಗಲೀಲಿ ಕೂತೆ, ಗಂಟೆ ಶಬ್ದ ಕೇಳಿದ ಮೇಲೆ ಒಳಗೆ ಹೋಗಿ ಚಾ ಕುಡಿದೆ. ಸಂಜೆ ಹೆಂಡತಿ, ಮಗಳನ್ನು ಕರ್ಕೊಂಡು ಕಾಪು ಬೀಚಿಗೆ ಹೋದೆ. ಮನೆಯಿಂದ ಆರೇಳು ಕಿಲೋಮೀಟರ್, ಆದ್ರೆ ಸೂರ್ಯ ಮುಳುಗುದನ್ನು ಅಲ್ಲಿ ನಿಂತು ನೋಡದೆ ಹತ್ತು ವರ್ಷ ಆಗಿತ್ತು, ಆ ಹೊತ್ತಿಗೆ ನನ್ನ ಕೈಲಿ ದೀಪ ಇರ್ತಿತ್ತಲ್ಲ. ಮಗಳು ಲೈಟ್‌ಹೌಸ್ ಬಂಡೆ ಹತ್ತುವ ಅಂತ ಕೈ ಎಳೀತಿದ್ಲು. ಆಗ ಫೋನು.

"ಭಟ್ರೇ, ಬೀಗ ತೆಗೀಲಿಕ್ಕೆ ಆಗ್ತಾ ಇಲ್ಲ."

"ಬೆಳಿಗ್ಗೆ ಹೇಗೆ ತೆಗೆದಿಯಾ?"

"ಬೆಳಿಗ್ಗೆ ತೆಗ್ದದ್ದು ಆ ಅಕ್ಕ."

"ಮೇಲೆ ಎತ್ತು, ಎಡಕ್ಕೆ" ಅಂದೆ. ಅಲೆ ಶಬ್ದದ ಮಧ್ಯದಲ್ಲೂ ಟಕ್ ಅಂದದ್ದು ನನಗೆ ಕೇಳಿತು.