ಬಂದ, ಬಂದನಂತೆ, ಬಂದಿರಬೇಕು: ಮನಸ್ಸು ಕದಡಿದಾಗ ಗೊತ್ತಿರುವುದನ್ನು ಹಿಡಿದುಕೊಳ್ಳುವ ಬಗೆ

ಚಿಕ್ಕಮಗಳೂರು, ಸಕಲೇಶಪುರದ ಕಡೆ ಕಾಫಿ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುತ್ತಾರೆ. 100 ಸೆಂಟಿಗೆ 1 ಇಂಚು. ಆ ಪುಸ್ತಕದಲ್ಲಿ ‘ನಿನ್ನೆ ಜೋರು ಮಳೆ’ ಎಂದು ಇರುವುದಿಲ್ಲ, ‘1 ಇಂಚು 20 ಸೆಂಟ್’ ಎಂದಿರುತ್ತದೆ. ತೋಟ ಮಾರುವುದೋ ಇಟ್ಟುಕೊಳ್ಳುವುದೋ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬರುವುದೋ ಬೇಡವೋ ಎಂದು ದಿಕ್ಕು ತೋಚದಾಗ ಬೇಕಾಗುವುದು ಇಂಥದ್ದೇ ಒಂದು ಪುಸ್ತಕ. ಕದಡಿದ ಮನಸ್ಸಿಗೆ ತನಗೆ ಗೊತ್ತಿರುವುದೇ ನೆನಪಾಗುವುದಿಲ್ಲ. ನೆನಪಾದರೂ ನೆಚ್ಚಿಕೆ ಹುಟ್ಟುವುದಿಲ್ಲ.

100 ಪುಟದ ನೋಟ್‌ಬುಕ್, ಒಂದು ಪೆನ್ನು ಸಾಕು. ಮೊಬೈಲ್ ಬೇಡ. ಅದರಲ್ಲಿ ಅಳಿಸುವುದು ಸುಲಭ, ಕುಗ್ಗಿದ ರಾತ್ರಿಯಲ್ಲಿ ಮೊದಲು ಅಳಿಸಿಹೋಗುವುದು ಸಮಾಧಾನದ ದಿನ ಬರೆದ ಸಾಲೇ. ಪುಟಕ್ಕೆ ಎರಡು ಗೆರೆ ಎಳೆದು ಮೂರು ಕಾಲಂ ಮಾಡಿ: ಕಂಡದ್ದು, ಕೇಳಿದ್ದು, ಅಂದುಕೊಂಡದ್ದು. ಅಂಚಿನಲ್ಲಿ ತಾರೀಖು ಹಾಕಿ. ಹವಾಮಾನ ಇಲಾಖೆಯವರು ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೇ ಅಳೆಯುತ್ತಾರೆ, ಏಕೆಂದರೆ ಹೊತ್ತು ತಪ್ಪಿದರೆ ಇಂದಿನದನ್ನು ನಿನ್ನೆಯದಕ್ಕೆ ಹೋಲಿಸಲಾಗದು. ನೀವೂ ಬೆಳಗಿನ ಕಾಫಿ ಆದ ಮೇಲೆ 15 ನಿಮಿಷ, ಒಂದೇ ಹೊತ್ತಿಗೆ, 7 ದಿನ ಬರೆಯಿರಿ.

ನಿಜವಾದ ಕಷ್ಟ ಇರುವುದು ಕಾಲಂಗಳನ್ನು ಬೆರಸದಿರುವುದರಲ್ಲಿ. ‘ಅಣ್ಣನಿಗೆ ನನ್ನ ಮೇಲೆ ಸಿಟ್ಟು’ ಎಂಬುದು ಕಂಡದ್ದಲ್ಲ. ‘ಭಾನುವಾರ ಎರಡು ಸಲ ಫೋನ್ ಮಾಡಿದೆ, ಅಣ್ಣ ಎತ್ತಲಿಲ್ಲ’ ಎಂಬುದು ಕಂಡದ್ದು. ‘ಹೋದ ವರ್ಷ 40 ಮೂಟೆ, ಈ ವರ್ಷ 26’ ಮೊದಲ ಕಾಲಂ. ‘ರೇಟು ಬೀಳುತ್ತದಂತೆ’ ಎರಡನೆಯದು. ‘ಈ ತೋಟದಿಂದ ಇನ್ನೇನೂ ಹುಟ್ಟುವುದಿಲ್ಲ’ ಮೂರನೆಯದು. ಯಾವುದು ಎಲ್ಲಿಗೆ ಎಂದು ತಿಳಿಯದಿದ್ದರೆ ಸಾಲನ್ನು ಬಾಯಿಬಿಟ್ಟು ಓದಿ. ಬಂದ, ಬಂದನಂತೆ, ಬಂದಿರಬೇಕು: ನಮ್ಮ ಮಾತೇ ಈ ಮೂರನ್ನೂ ಬೇರೆ ಮಾಡಿಟ್ಟಿದೆ. ಸಾಲಿನ ಕೊನೆಗೆ ‘ಅಂತೆ’ ಸೇರಿಸಿದರೆ ಸರಿಹೋಗುತ್ತದೆಯೇ? ಹಾಗಾದರೆ ಅದು ಕೇಳಿದ್ದು. ‘ಇರಬೇಕು’ ಎಂದರೆ ಸರಿಹೋಗುತ್ತದೆಯೇ? ಅಂದುಕೊಂಡದ್ದು. ‘ಯಾವಾಗಲೂ’, ‘ಯಾರೂ’, ‘ಇನ್ನು ಮುಂದೆ’ ಎಂಬ ಪದಗಳಿರುವ ಸಾಲು ಬಹುಪಾಲು ಮೂರನೆಯದಕ್ಕೇ ಸೇರುತ್ತದೆ. ಮೊದಲ ದಿನ ಎಲ್ಲವೂ ಮೊದಲ ಕಾಲಂನಲ್ಲೇ ತುಂಬಿಕೊಂಡರೆ ಗಾಬರಿ ಬೇಡ. ಮರುದಿನ ಓದುವಾಗ ತಪ್ಪು ತಾನಾಗಿ ಕಾಣುತ್ತದೆ. ಹೊಡೆದುಹಾಕದೆ ಬಾಣ ಎಳೆದು ಸರಿಯಾದ ಕಡೆಗೆ ತೋರಿಸಿ.

ಎಂಟನೇ ದಿನ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಐದು ಸಾಲಿಗೆ ಜಾಗ ಬಿಡಿ. ಇದು ನಿಮ್ಮ ಬದುಕು ಈಗಾಗಲೇ ಕಲಿಸಿರುವುದಕ್ಕೆ. ‘ಸಾಲ ಮಾಡಿ ಕಾರ್ಯ ಮಾಡಿದಾಗ ಮನೆಯ ನೆಮ್ಮದಿ ಹೋಯಿತು’, ‘ಸುಳ್ಳು ಹೇಳಿ ಉಳಿಸಿಕೊಂಡ ಸ್ನೇಹ ನಿಲ್ಲಲಿಲ್ಲ’ ಎಂಬಂಥವು. ಪ್ರತಿ ಸಾಲಿನ ಪಕ್ಕ ಅದು ನಿಜವಾದ ಎರಡು ಸಂದರ್ಭಗಳನ್ನು ವರ್ಷದ ಸಮೇತ ಬರೆಯಿರಿ. ಎರಡು ಸಿಗದಿದ್ದರೆ ಆ ಸಾಲು ಇನ್ನೂ ಆಸೆ ಅಥವಾ ಹೆದರಿಕೆ. ಐದೂ ತುಂಬಲೇಬೇಕೆಂದಿಲ್ಲ, ಗಟ್ಟಿಯಾದ ಎರಡೇ ಸಾಲು ಬಹಳ ದೂರ ನಡೆಸುತ್ತವೆ.

ಅದ್ವೈತ ವೇದಾಂತದಲ್ಲಿ ಹಗ್ಗವೇ ಹಾವಾಗಿ ಕಾಣುವ ದೃಷ್ಟಾಂತವಿದೆ, ಶೃಂಗೇರಿಯ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಮನಿಸಬೇಕಾದ್ದು ಒಂದಿದೆ: ಪೂರ್ತಿ ಕತ್ತಲಲ್ಲಿ ಹಗ್ಗ ಹಾವಾಗುವುದಿಲ್ಲ, ಪೂರ್ತಿ ಬೆಳಕಲ್ಲೂ ಆಗುವುದಿಲ್ಲ. ಅರೆಬೆಳಕು ಬೇಕು. ಅರ್ಧ ಗೊತ್ತಿರುವುದೇ ಹೆಚ್ಚು ಕಾಡುತ್ತದೆ. ಆ ಹಾವನ್ನು ದೊಣ್ಣೆಯಿಂದ ಓಡಿಸಲಾಗದು, ದೀಪ ತರಬೇಕು. ಆದ್ದರಿಂದ ಮೂರನೇ ಕಾಲಂನ ಒಂದೊಂದು ಸಾಲಿಗೂ ದೀಪ ಯಾವುದೆಂದು ಬರೆಯಿರಿ: ಪಹಣಿ, ಪಾಸ್‌ಬುಕ್, ರಕ್ತಪರೀಕ್ಷೆಯ ವರದಿ, ಅಣ್ಣನನ್ನೇ ಎದುರು ಕೂತು ಕೇಳುವುದು. ವಾರಕ್ಕೆ ಒಂದು ದೀಪ ಸಾಕು.

ಸಲಹೆ ಕೇಳುವುದಾದರೆ ಇಬ್ಬರನ್ನು ಕೇಳಿ, ಹತ್ತು ಜನರನ್ನಲ್ಲ. ಮಳೆಮಾಪಕವನ್ನು ಮರದಿಂದ ಆ ಮರದ ಎತ್ತರದ ಎರಡರಷ್ಟಾದರೂ ದೂರ ಇಡಬೇಕು, ಇಲ್ಲದಿದ್ದರೆ ಮರ ತಡೆದ ಮಳೆ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ತೀರ್ಮಾನದಿಂದ ಲಾಭನಷ್ಟ ಇರುವವರ ಮಾತೂ ಹಾಗೆಯೇ. ಅವರು ಕೆಟ್ಟವರೆಂದಲ್ಲ, ಹತ್ತಿರ ಇದ್ದಾರೆ ಅಷ್ಟೆ.

ಎರಡು ವಾರದಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಎನಿಸುತ್ತಿದೆ ಎಂದಾದರೆ ಪುಸ್ತಕ ಬದಿಗಿಡಿ. 14416 ಟೆಲಿ ಮಾನಸ್ ಸಹಾಯವಾಣಿ. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದಿದ್ದರೆ ಎರಡು ವಾರ ಕಾಯಬೇಡಿ, ಈಗಲೇ ಕರೆ ಮಾಡಿ, ಮನೆಯವರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ.

ಇನ್ನು ಕಾಯುವ ವಿಷಯ. ರೋಬಸ್ಟಾ ಕಾಫಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಸುಮಾರು 1 ಇಂಚು ಹೂಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ಹೂ ಅರಳುತ್ತದೆ. ನಾಲ್ಕನೇ ದಿನ ಗಿಡ ನೋಡಿದವನಿಗೆ ಏನೂ ಆಗಿಲ್ಲವೆನಿಸಬಹುದು, ಪುಸ್ತಕ ನೋಡಿದವನಿಗೆ ಗೊತ್ತಿರುತ್ತದೆ. ನೀವು ಇಟ್ಟ ಹೆಜ್ಜೆಗೂ ಹೀಗೆ ಒಂದು ತಾರೀಖು ಹಾಕಿ: ‘ಅಣ್ಣನಿಗೆ ಕಾಗದ ಬರೆದೆ, 20ರವರೆಗೆ ನೋಡುತ್ತೇನೆ’. ನಡುವೆ ದಿನವೂ ಕೆದಕಬೇಡಿ. 20ನೇ ತಾರೀಖು ಬೆಳಿಗ್ಗೆ ಪುಸ್ತಕ ತೆರೆದು ಏನಾಯಿತೆಂದು ಬರೆಯಿರಿ. ಉತ್ತರ ಬಾರದಿದ್ದರೆ ‘ಬರಲಿಲ್ಲ’ ಎಂದಷ್ಟೇ, ಮೊದಲ ಕಾಲಂನಲ್ಲಿ.