ಟ್ಯಾಬ್ ಇಟ್ಟುಕೊಂಡು ಲೈವ್ ನುಡಿಸ್ತೀರಾ? ಫೇಡರ್ ಜಿಗಿಯದಂತೆ ನೋಡಿಕೊಳ್ಳಿ

ಲ್ಯಾಪ್‌ಟಾಪ್‌ನಲ್ಲಿ ಏಬಲ್‌ಟನ್ ಲೈವ್ ಅನ್ನೋ ಸಂಗೀತದ ಸಾಫ್ಟ್‌ವೇರ್, ಎದುರಿಗೆ ಟಚ್‌ಒಎಸ್‌ಸಿ ಹಾಕಿದ ಐಪ್ಯಾಡ್. ಲೈವ್ ಅನ್ನು ನಿಯಂತ್ರಿಸುವ ಬಟನ್, ಫೇಡರ್‌ಗಳನ್ನು (ಮೇಲೆ ಕೆಳಗೆ ಜಾರಿಸುವ ಪಟ್ಟಿ) ಸ್ಕ್ರೀನ್ ಮೇಲೆ ಕೊಡುವ ಆ್ಯಪ್ ಅದು. ಮನೆಯಲ್ಲಿ ಎಲ್ಲಾ ಸರಿ ಇರುತ್ತದೆ. ವೇದಿಕೆ ಹತ್ತಿದ ಮೇಲೆ ಎಡವಟ್ಟು ಶುರು.

ಮೊದಲು ಪೇಪರ್ ತಗೊಳ್ಳಿ. ಹಾಡಿನ ನಡುವೆ ನೀವು ನಿಜಕ್ಕೂ ಮುಟ್ಟುವುದನ್ನಷ್ಟೇ ಬರೆಯಿರಿ. 8 ದಾಟಿದರೆ ಹೊಡೆದು ಹಾಕಿ. ಅರವತ್ತು ಬಟನ್ ಮಿನುಗುವ ರೆಡಿಮೇಡ್ ಟೆಂಪ್ಲೇಟ್ ಮಾರುತ್ತಾರಲ್ಲ, ಅದು ಫೋಟೋಗೆ ಚೆಂದ ಅಷ್ಟೇ.

ಬಟನ್ ದೊಡ್ಡದಿರಲಿ. ಆಪಲ್ ಹೇಳುವ 44 ಪಾಯಿಂಟ್ ಅಳತೆ ಕೂತು ಫೋನ್ ನೋಡುವವರಿಗೆ ಸಾಕು. ಕತ್ತಲಲ್ಲಿ ಕುಣಿಯುತ್ತಾ ಒತ್ತುವವರಿಗೆ ಅದರ ಎರಡರಷ್ಟು ಬೇಕು. ಹೆಸರನ್ನು ಬಟನ್ ಮೇಲ್ಗಡೆ ಬರೆಯಿರಿ, ಒಳಗೆ ಬರೆದರೆ ಬೆರಳೇ ಮುಚ್ಚುತ್ತದೆ.

ಜಾಸ್ತಿ ಜನ ಮುಗ್ಗರಿಸುವುದು ಫೇಡರ್‌ನಲ್ಲಿ. ವಾಲ್ಯೂಮ್ 100ರಲ್ಲಿದೆ ಅಂದುಕೊಳ್ಳಿ. ನೋಡದೆ ಫೇಡರ್‌ನ ಕೆಳತುದಿ ಮುಟ್ಟಿದರೆ ವಾಲ್ಯೂಮ್ ಒಂದೇ ಏಟಿಗೆ ಸೊನ್ನೆಗೆ ಬೀಳುತ್ತದೆ. ನನಗೂ ಹೀಗಾಗಿದೆ. ಡ್ರಮ್ಸ್ ಮಾಯ, ಎದುರಿಗಿದ್ದವರು ಹಾಡು ಮುಗಿಯಿತೆಂದು ಚಪ್ಪಾಳೆ ಹೊಡೆದರು! ಅದಕ್ಕೇ ಟಚ್‌ಒಎಸ್‌ಸಿಯಲ್ಲಿ ಫೇಡರ್‌ನ ರೆಸ್ಪಾನ್ಸ್ ಅನ್ನು ಆಬ್ಸಲ್ಯೂಟ್‌ನಿಂದ ರಿಲೇಟಿವ್‌ಗೆ ಬದಲಿಸಿ. ಆಗ ಎಲ್ಲಿ ಮುಟ್ಟಿದರೂ ಏನೂ ಆಗದು, ಬೆರಳು ಎಷ್ಟು ಸರಿಯಿತೋ ಅಷ್ಟೇ ಬದಲಾವಣೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕೆಲಸ. ಮೌಸ್‌ನಿಂದ ವಾಲ್ಯೂಮ್ ಏರಿಸಿದಿರಿ, ಟ್ಯಾಬ್‌ಗೆ ಅದು ಗೊತ್ತಿಲ್ಲ, ಅದಿನ್ನೂ 40ರಲ್ಲೇ ಕೂತಿದೆ. ಬೆರಳು ತುಸು ಸರಿಸಿದರೆ 41 ಹೋಗುತ್ತದೆ, ಮತ್ತೆ ಅದೇ ಜಿಗಿತ. ಲೈವ್‌ನ ಮಿಡಿ (ಸಂಗೀತದ ಸಾಧನಗಳು ಒಂದಕ್ಕೊಂದು ಮಾತಾಡುವ ಭಾಷೆ) ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಸಾಲಿನ 'ರಿಮೋಟ್' ಆನ್ ಮಾಡಿ, ಟಚ್‌ಒಎಸ್‌ಸಿಯಲ್ಲಿ ಆ ಫೇಡರ್‌ಗೆ ಮಿಡಿ ರಿಸೀವ್ ಕೂಡ ಆನ್ ಇರಲಿ. ಈಗ ಮೌಸ್ ಆಡಿಸಿ ನೋಡಿ, ಟ್ಯಾಬ್‌ನ ಫೇಡರ್ ತಾನೇ ಸರಿಯಬೇಕು. ಸರಿಯದಿದ್ದರೆ ಮುಂದಕ್ಕೆ ಹೋಗಬೇಡಿ. ಲೈವ್‌ನಲ್ಲಿ 'ಪಿಕ್-ಅಪ್' ಅನ್ನೋ ಅಡ್ಡದಾರಿಯೂ ಇದೆ, ನನಗೆ ಹಿಡಿಸಲ್ಲ. ಹಳೆಯ ಮಟ್ಟ ಸಿಗುವವರೆಗೆ ಫೇಡರ್ ಸತ್ತಂತೆ ಇರುತ್ತದೆ, ಕೈ ಕೆಟ್ಟಿತೇನೋ ಅನ್ನಿಸುತ್ತದೆ.

ಹಾಲ್‌ನ ವೈಫೈ ನಂಬಬೇಡಿ. ಮಿಡಿಯಂತೆಯೇ ಟಚ್‌ಒಎಸ್‌ಸಿ ಬಳಸುವ ಇನ್ನೊಂದು ಭಾಷೆಯಾದ ಒಎಸ್‌ಸಿ ಸಾಮಾನ್ಯವಾಗಿ ಯುಡಿಪಿ (ಸಂದೇಶ ತಲುಪಿತೇ ಎಂದು ನೋಡದೆ ಕಳಿಸುವ ವಿಧಾನ) ಮೇಲೆ ಹೋಗುತ್ತದೆ, ದಾರಿಯಲ್ಲಿ ಕಳೆದ ಸಂದೇಶ ಮತ್ತೆ ಬರುವುದಿಲ್ಲ. ಬಟನ್ ಬಿಟ್ಟ ಸುದ್ದಿಯೇ ಕಳೆದರೆ ಸ್ವರ ಎಳೆಯುತ್ತಲೇ ಇರುತ್ತದೆ. ಕೇಬಲ್ ಹಾಕಿ. ಆಗಲೇ ಇಲ್ಲ ಅಂದ್ರೆ 5 ಗಿಗಾಹರ್ಟ್ಸ್‌ನ ಸ್ವಂತ ರೂಟರ್ ಒಯ್ಯಿರಿ.

ಕೊನೆಗೆ ಐಪ್ಯಾಡ್‌ನ ನಾಲ್ಕೈದು ಬೆರಳಿನ ಗೆಸ್ಚರ್ ಆಫ್ ಮಾಡಿ, ಇಲ್ಲದಿದ್ದರೆ ಜೋರಾಗಿ ನುಡಿಸುವಾಗ ಬೇರೆ ಆ್ಯಪ್ ತೆರೆದುಕೊಂಡೀತು. ಆಟೋ-ಲಾಕ್ ಕೂಡ ಬೇಡ. ಜೇಬಲ್ಲಿ ಒಂದು ಒಣ ಬಟ್ಟೆ ಇಟ್ಟುಕೊಳ್ಳಿ, ಬೆವರ ಹನಿ ಬಿದ್ದರೂ ಸ್ಕ್ರೀನ್ ಅದನ್ನು ಬೆರಳು ಅಂದುಕೊಳ್ಳಬಹುದು.